ಕಂಡಿಯ ಪಕ್ಕದ ಬಿಲ್ಲೆ

ವಿಮಾನದ ರೆಕ್ಕೆಯ ಹೊಟ್ಟೆಯಲ್ಲೇ ಎಣ್ಣೆಯ ಟ್ಯಾಂಕು ಇರುತ್ತದೆಂಬುದು ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವವರಿಗೆ ಗೊತ್ತಿರುವುದಿಲ್ಲ. ಅದು ಸೋರಿದರೆ ಎಣ್ಣೆ ಬಸಿದು, ಗಾಳಿ ಊದಿ, ಒಬ್ಬ ಮನುಷ್ಯನನ್ನು ಒಳಗೆ ಬಿಡಬೇಕು. ರೆಕ್ಕೆಯಡಿಯ ಕಂಡಿ ಊಟದ ತಟ್ಟೆಗಿಂತ ತುಸು ದೊಡ್ಡದು. ಮೊದಲು ಕೈ, ಆಮೇಲೆ ತಲೆ, ಆಮೇಲೆ ಉಸಿರು ಬಿಟ್ಟು ಎದೆ. ಒಳಗೆ ಅಂಗಾತ ಮಲಗಿ, ಮೂಗಿಗೆ ತಾಗುವ ತಗಡಿನ ಸಂದಿಗಳಲ್ಲಿ ಹಳೆಯ ಅಂಟು ಕೆರೆದು ಹೊಸದು ಮೆತ್ತಬೇಕು.

ಆ ಶೆಡ್ಡಿನಲ್ಲಿ ಇದಕ್ಕೆ ಇದ್ದವನು ಒಬ್ಬನೇ. ಎಲ್ಲರ ಬಾಯಲ್ಲೂ ಅವನು ಹಲ್ಲಿ. ಗುತ್ತಿಗೆಯವನು. ಹೊಟ್ಟೆ ತುಂಬ ಉಂಡರೆ ಕಂಡಿಯಲ್ಲಿ ಸಿಕ್ಕಿಕೊಳ್ಳುತ್ತೇನೆಂದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರುತ್ತಿದ್ದ. ಮನೆಗೆ ಹೋದರೆ ಮಗಳು ವಾಸನೆಯೆಂದು ಹತ್ತಿರ ಸುಳಿಯುತ್ತಿರಲಿಲ್ಲ. ಅದನ್ನೂ ನಗುನಗುತ್ತಲೇ ಹೇಳುತ್ತಿದ್ದ, ಪುಣ್ಯಾತ್ಮ.

ಕಂಡಿಯ ಮುಚ್ಚಳಕ್ಕೆ ಸ್ಕ್ರೂ ಬಿಗಿಯುವವಳನ್ನು ಶೆಡ್ಡಿನವರೆಲ್ಲ ಅಕ್ಕ ಎನ್ನುತ್ತಿದ್ದರು. ಅವಳೂ ಗುತ್ತಿಗೆಯವಳೇ. ಈ ಕೆಲಸಕ್ಕೊಂದು ಕಟ್ಟುಪಾಡಿತ್ತು. ಶೆಡ್ಡಿನ ಎಲ್ಲರ ಕೊರಳಲ್ಲೂ ನಂಬರಿನ ಹಿತ್ತಾಳೆ ಬಿಲ್ಲೆ; ಒಳಗೆ ಹೋಗುವವನು ತನ್ನದನ್ನು ಕಂಡಿಯ ಪಕ್ಕದ ಕೊಕ್ಕೆಗೆ ತೂಗುಹಾಕಬೇಕು. ಹೊರಬಂದ ಮೇಲೆ ತನ್ನ ಕೈಯಿಂದಲೇ ತೆಗೆಯಬೇಕು. ಬಿಲ್ಲೆ ಇರುವ ತನಕ ಯಾರಪ್ಪ ಬಂದರೂ ಮುಚ್ಚಳ ಹಾಕುವಂತಿಲ್ಲ. ಹೊರಗೊಬ್ಬ ಕಾವಲಿದ್ದು ಆಗಾಗ ರೆಕ್ಕೆ ತಟ್ಟಬೇಕು, ಒಳಗಿದ್ದವನು ತಿರುಗಿ ತಟ್ಟಬೇಕು.

ಕಾವಲಿಗಿದ್ದವನು ದೊಡ್ಡಪ್ಪ, ಎಲ್ಲರಿಗೂ ದೊಡ್ಡಪ್ಪ. ಹೊಸದಾಗಿ ಬಂದ ಮ್ಯಾನೇಜರಿಗೆ ಅವನು ಸ್ಟೂಲಿನ ಮೇಲೆ ಕೂತಿರುವುದು ಕಣ್ಣಿಗೆ ಬಿತ್ತು.

"ಕೂತು ತಿನ್ನೋಕೆ ಇದೇನು ಮಾವನ ಮನೇನಾ?" ಎಂದು ಗದರಿ, ಅವನನ್ನು ಚಕ್ರ ಬಿಚ್ಚುವ ಕಡೆಗೆ ಅಟ್ಟಿದ. ಅಂದಿನಿಂದ ಹಲ್ಲಿ ಒಳಗಿನಿಂದ ತಟ್ಟಿದರೆ ಕೇಳುವವರೇ ಇರಲಿಲ್ಲ.

ಒಂದು ದಿನ, ರಿಪೇರಿಗೆ ಬಂದಿದ್ದ ವಿಮಾನ ಸಂಜೆಗೆ ಹೊರಡಬೇಕಿತ್ತು. ಅಕ್ಕ ಊಟ ಮುಗಿಸಿ ಬಂದಾಗ ಕೊಕ್ಕೆ ಖಾಲಿ. ಬಿಲ್ಲೆ ಮ್ಯಾನೇಜರ್ ಕೈಯಲ್ಲಿತ್ತು. ಹಲ್ಲಿ ಊಟಕ್ಕೆ ಹೋಗಿದ್ದಾನೆ, ಬಿಲ್ಲೆ ಮರೆತು ಬಿಟ್ಟುಹೋಗಿದ್ದ, ನಾನೇ ತೆಗೆದೆ, ಬೇಗ ಮುಚ್ಚು ಎಂದ. ಅವನು ಹೊರಬಂದದ್ದನ್ನು ನೀವು ನೋಡಿದಿರಾ ಎಂದು ಅಕ್ಕ ಕೇಳಿದಳು.

"ನಾನು ಹೇಳ್ತಿದೀನಲ್ಲ," ಎಂದ ಅವನು.

ಅಕ್ಕ ಕಂಡಿಗೆ ಬಾಯಿಟ್ಟು ಕೂಗಿದಳು. ಉತ್ತರವಿಲ್ಲ. ಅವಳ ಅನ್ನ ಆ ಮನುಷ್ಯನ ನಾಲಿಗೆಯ ಮೇಲಿತ್ತು. ಮುಚ್ಚಳ ಎತ್ತಿ ಸ್ಕ್ರೂ ಬಿಗಿಯತೊಡಗಿದಳು. ಇನ್ನೇನು ಮುಗಿಯಿತು ಎನ್ನುವಾಗ ಒಳಗಿನಿಂದ ಸದ್ದು ಬಂತು. ತಟ್ಟಿದ್ದೂ ಅಲ್ಲ, ಉಗುರಿನಲ್ಲಿ ಕೆರೆದ ಹಾಗೆ. ಅಕ್ಕ ಬಿಗಿದ ಸ್ಕ್ರೂಗಳನ್ನೆಲ್ಲ ಬಿಚ್ಚುತ್ತ ಜನರನ್ನು ಕೂಗಿ ಕರೆದಳು.

ಹೊರಗೆಳೆದಾಗ ಹಲ್ಲಿಯ ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡಿದ್ದವು, ಎದೆಯ ಮೇಲೆಲ್ಲ ವಾಂತಿ. ಎಣ್ಣೆಯ ಆವಿ ತಲೆಗೇರಿ ಬಿದ್ದಿದ್ದ. ಬದುಕಿದ. ಮರುದಿನ ಬೆಳಿಗ್ಗೆ ಅವನನ್ನು ಗೇಟಿನಲ್ಲೇ ತಡೆದರು. ಬಿಲ್ಲೆ ಹಾಕದೆ ಒಳಗೆ ಹೋಗಿ ನಿದ್ದೆ ಮಾಡಿದನಂತೆ, ಕೆಲಸದಿಂದ ತೆಗೆದಿದ್ದಾರಂತೆ. ಹೊರಗಿನಿಂದ ಮತ್ತೊಬ್ಬ ತೆಳ್ಳನೆಯವನನ್ನು ತಂದು ಉಳಿದ ಕೆಲಸ ಮುಗಿಸಿಯೂ ಆಗಿತ್ತು, ಮುಚ್ಚಳ ಹಾಕುವುದಷ್ಟೇ ಬಾಕಿ. ಬಡವರಲ್ಲಿ ತೆಳ್ಳಗಿರುವವರಿಗೇನು ಬರಗಾಲ!

ಮ್ಯಾನೇಜರ್ ಅಕ್ಕನನ್ನು ಪಕ್ಕಕ್ಕೆ ಕರೆದ. ದೊಡ್ಡ ಸಾಹೇಬರು ಕೇಳಿದರೆ ಬಿಲ್ಲೆ ಇರಲೇ ಇಲ್ಲ ಅನ್ನು, ನಿನ್ನ ಕೆಲಸಕ್ಕೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇನೆ ಎಂದ. ಗೇಟಿನಾಚೆ ಹಲ್ಲಿ ಕಂಬಿ ಹಿಡಿದು ನಿಂತಿದ್ದ. ಅಕ್ಕ ಅವನ ಕಡೆ ನೋಡಲಾರದೆ ತಲೆ ತಗ್ಗಿಸಿದಳು.

ಸಾಹೇಬರು ಬಂದರು. ಎಲ್ಲರೂ ರೆಕ್ಕೆಯ ಕೆಳಗೆ ಸೇರಿದರು. ಬಿಲ್ಲೆ ಇತ್ತೇನಮ್ಮ ಎಂದು ಕೇಳಿದರು.

ಅಕ್ಕನಿಗೆ ಆ ಕೆರೆತದ ಸದ್ದು ಕಿವಿಯಿಂದ ಹೋಗಿರಲಿಲ್ಲ. "ಇತ್ತು ಸಾರ್. ಇವ್ರು ತೆಗೆದ್ರು. ಜೀವ ಇರೋನ ಮೇಲೆ ಮುಚ್ಚಳ ಹಾಕಿದ್ದು ನಾನು. ನನ್ನನ್ನೂ ಕಳಿಸಿ, ಆದ್ರೆ ಅವನು ನಿದ್ದೆ ಮಾಡಿದ ಅನ್ಬೇಡಿ."

ಮ್ಯಾನೇಜರ್ ಮುಖ ಇಂಗು ತಿಂದ ಮಂಗನಂತಾಯಿತು. ಸಾಹೇಬರು ವಾಚು ನೋಡಿಕೊಂಡರು. ವಿಚಾರಣೆ ಆಮೇಲೆ ಮಾಡೋಣ, ವಿಮಾನ ಆಗಲೇ ತಡವಾಗಿದೆ, ಮೊದಲು ಮುಚ್ಚಳ ಹಾಕಿ ಎಂದರು.

ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಕೊರಳಿನ ಬಿಲ್ಲೆ ತೆಗೆದು ಕೊಕ್ಕೆಗೆ ತೂಗುಹಾಕಿದಳು. ಹಲ್ಲಿ ಕೆಲಸಕ್ಕೆ ವಾಪಸು ಬರಬೇಕು, ಕಾವಲಿಗೆ ಜನ ಬೇಕು, ಆಮೇಲೆ ಮುಚ್ಚಳ ಎಂದಳು. ಚಕ್ರದ ಕಡೆಯಿಂದ ದೊಡ್ಡಪ್ಪ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದು ತನ್ನದನ್ನೂ ಹಾಕಿದ. ಆಮೇಲೆ ಬಣ್ಣದವನು. ಆಮೇಲೆ ವೈರಿನವರು. ಕೊಕ್ಕೆ ತುಂಬಿ ಬಿಲ್ಲೆಗೆ ಬಿಲ್ಲೆ ತಾಗಿ ಸದ್ದಾಯಿತು.

ಸಾಹೇಬರ ಸಹನೆ ಕೆಟ್ಟಿತು. "ಏನ್ರೀ ಇದು? ಒಳಗೆ ಯಾರಿದಾರೆ ಈಗ?"

"ನಾವೆಲ್ಲ ಇದೀವಿ ಸಾರ್," ಎಂದಳು ಅಕ್ಕ.

ಮ್ಯಾನೇಜರ್ ಕೈ ಕೊಕ್ಕೆಯವರೆಗೂ ಹೋಯಿತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಅದು ಹಾಗೆಯೇ ಕೆಳಗಿಳಿಯಿತು.