ಕತ್ತರಿ ಓಣಿಯ ಕೊನೆಯ ಮನೆ

ಆ ಓಣಿಯಲ್ಲಿ ಹನ್ನೊಂದು ಮನೆ, ಹನ್ನೊಂದು ಕೆಲಸ. ಎಲ್ಲ ಸೇರಿದರೆ ಒಂದು ಕತ್ತರಿ. ಮೊದಲ ಮನೆಯವರು ಉಕ್ಕಿನ ಪಟ್ಟಿ ತುಂಡರಿಸುತ್ತಾರೆ, ಮುಂದಿನವರು ಕಾಯಿಸಿ ಬಡಿಯುತ್ತಾರೆ, ಅವರ ಮುಂದಿನವರು ಹಿಡಿಕೆ ಬಗ್ಗಿಸುತ್ತಾರೆ. ಹೀಗೆ ಅಲಗುಗಳು ಬುಟ್ಟಿಯಲ್ಲಿ ಕೂತು ಮನೆಯಿಂದ ಮನೆಗೆ ನೆಂಟರ ಹಾಗೆ ಬರುತ್ತವೆ. ಹತ್ತನೆಯದು ಸಾಣೆ ಮನೆ. ಹನ್ನೊಂದನೆಯದು ಮೊಳೆ ಮನೆ. ಎರಡು ಅಲಗು ಜೋಡಿಸಿ ನಡುವೆ ಮೊಳೆ ಬಡಿಯುವುದು ಅಲ್ಲಿ.

ಮೊಳೆ ಮನೆಯಲ್ಲಿ ಇದ್ದವರು ಇಬ್ಬರೇ, ಮಾವ ಮತ್ತು ಸೊಸೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಾವನಿಗೆ ಕಣ್ಣು ಮಂಜಾದ ಮೇಲೆ ಕೆಲಸವೆಲ್ಲ ಸೊಸೆಯ ತಲೆಗೆ ಬಿತ್ತು. ಓಣಿಯಲ್ಲಿ ತಯಾರಾದ ಎರಡು ಅಲಗು ಎಂದೂ ಒಂದೇ ಥರ ಇರುವುದಿಲ್ಲ. ಒಂದು ಒಳಕ್ಕೆ ವಾಲಿದರೆ ಇನ್ನೊಂದು ಹೊರಕ್ಕೆ. ಮೊಳೆ ಹಾಕುವ ಮೊದಲು ಅಲಗಿನ ಬೆನ್ನಿಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟು ದಾರಿಗೆ ತರಬೇಕು. ಆ ಏಟು ಇಡೀ ಓಣಿಯಲ್ಲಿ ಈಗ ಅವಳೊಬ್ಬಳಿಗೇ ಗೊತ್ತು.

ಹೆದ್ದಾರಿಯ ಆಚೆ ಹೊಸ ಕತ್ತರಿ ಕಾರ್ಖಾನೆ ಬಂತು. ಜೋಡಣೆಗೆ ಜನ ಬೇಕು, ಇರಲು ಮನೆ ಕೊಡುತ್ತೇವೆ ಎಂದು ಬೋರ್ಡು ಹಾಕಿದರು. ಬಸ್ಸಿನ ಕಿಟಕಿಯಿಂದ ಅದನ್ನು ಓದಿದ ಸೊಸೆಗೆ ಎಷ್ಟೋ ಕಾಲದ ಮೇಲೆ ಒಂದು ಆಸೆ ಹುಟ್ಟಿತು. ಮಾವನನ್ನು ಕರೆದುಕೊಂಡು ಈ ಓಣಿಯಿಂದ ಆಚೆ ಹೋಗಿಬಿಡಬೇಕು.

ಓಣಿಯಲ್ಲಿ ಗುಟ್ಟು ನಿಂತೀತೇ? ಕಾರ್ಖಾನೆಯವರು ಜನರನ್ನು ಆರಿಸಲು ಇಟ್ಟ ಪರೀಕ್ಷೆಯ ಹಿಂದಿನ ದಿನ ಸಾಣೆ ಮನೆಯ ದೊಡ್ಡಪ್ಪ ಬಂದು ಹೊಸ್ತಿಲ ಮೇಲೆ ಕೂತ.

"ಏನಮ್ಮಾ, ನಾಳೆ ಸವಾರಿ ಎತ್ತ ಕಡೆಗೋ?"

"ಕಾರ್ಖಾನೆಗೆ, ದೊಡ್ಡಪ್ಪ. ಪರೀಕ್ಷೆ ಇದೆ."

"ಹೋಗು, ಹೋಗು. ನಾವು ಹತ್ತು ಮನೆಯವರು ಚಾಕು ಮಾರ್ಕೊಂಡು ಇರ್ತೀವಿ. ಅರ್ಧ ಕತ್ತರಿ ಅಂದ್ರೆ ಚಾಕುವೇ ತಾನೇ?" ಎಂದು ನಕ್ಕ. ನಕ್ಕಾದ ಮೇಲೂ ಏಳಲಿಲ್ಲ. "ನೀನು ಹೋದ್ರೆ ಓಣಿ ಮುಚ್ಚಿದ ಹಾಗೇ, ಮಗಳೇ."

"ಯಾರಿಗಾದ್ರೂ ಕಲಿಸಿಕೊಟ್ಟು ಹೋಗ್ತೀನಿ."

"ನಿನಗೆ ಕಲಿಯೋಕೆ ಎಷ್ಟು ವರ್ಷ ಹಿಡೀತು?"

ಐದು ವರ್ಷ. ಅವಳು ಬುಟ್ಟಿಯ ಅಲಗುಗಳನ್ನು ಎಣಿಸತೊಡಗಿದಳು.

ಒಳಗಿನಿಂದ ಮಾವ ಕೂಗಿದ: "ಹೋಗ್ಲಿ ಬಿಡೋ! ನನಗೆ ಎಲ್ಲಿ ಕೂತ್ರೂ ಮಬ್ಬೇ. ಅಲ್ಲಾದ್ರೆ ಗಾಳಿಯಾದ್ರೂ ಬರುತ್ತೆ."

ಕಾರ್ಖಾನೆಯಲ್ಲಿ ಅವಳ ಮುಂದೆ ಹತ್ತು ಜೊತೆ ಅಲಗು, ಮೊಳೆ, ಸುತ್ತಿಗೆ ಇಟ್ಟರು. ಕೈ ತನ್ನ ಪಾಡಿಗೆ ಓಡಿತು. ಅಲಗಿನ ಬೆನ್ನಿಗೊಂದು ಏಟು, ಜೋಡಣೆ, ಮೊಳೆ. ಪಕ್ಕದವರು ಮೂರು ಮುಗಿಸುವಷ್ಟರಲ್ಲಿ ಇವಳ ಹತ್ತೂ ಮುಗಿದಿದ್ದವು. ಮೇಸ್ತ್ರಿ ಬಂದು ಒಂದನ್ನೆತ್ತಿ ಬಟ್ಟೆಯ ಚೂರಿನ ಮೇಲೆ ಆಡಿಸಿದ. ಬಟ್ಟೆ ತುಂಡಾಗದೆ ಅಲಗುಗಳ ನಡುವೆ ಮಡಚಿಕೊಂಡಿತು. ಎರಡನೆಯದೂ ಹಾಗೇ. ಹತ್ತೂ ಹಾಗೇ.

"ಅಲಗಿಗೆ ಯಾಕಮ್ಮಾ ಹೊಡೆದೆ?"

"ಸೊಟ್ಟ ತೆಗೆಯೋಕೆ, ಸರ್."

"ಎಲ್ಲಿತ್ತು ಸೊಟ್ಟ?" ಅವನು ಪೆಟ್ಟಿಗೆಯಿಂದ ಹೊಸ ಅಲಗುಗಳನ್ನು ತೆಗೆದು ಅಕ್ಕಪಕ್ಕ ಇಟ್ಟ. ಎಲ್ಲವೂ ಒಂದೇ ಅಚ್ಚು. "ಮೆಷಿನ್ನಿನ ಮಾಲು ಇದು. ಸೊಟ್ಟ ಮಾಡಿದ್ದೇ ನೀನು. ಕತ್ತರಿ ಓಣಿಯವಳಾ?"

"ಹೌದು."

"ಅನ್ಕೊಂಡೆ. ಆ ಕೈ ತಿದ್ದೋಕಾಗಲ್ಲ. ಸುತ್ತಿಗೆ ಹಿಡಿದೇ ಇಲ್ಲದವರಾದ್ರೆ ವಾರದಲ್ಲಿ ಕಲೀತಾರೆ."

ಅವಳು ಬಸ್ಸಿನಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳು ಕಲಿತ ವಿದ್ಯೆ ಹತ್ತು ಮನೆಗಳ ತಪ್ಪಿಗೆ ಮದ್ದು. ಆ ತಪ್ಪುಗಳಿಲ್ಲದ ಕಡೆ ಅದೇ ಒಂದು ತಪ್ಪು.

ಓಣಿಯ ಬಾಯಲ್ಲೇ ದೊಡ್ಡಪ್ಪ ನಿಂತಿದ್ದ. ಬಾಗಿಲು ಬಾಗಿಲಲ್ಲೂ ಜನ.

"ಏನಾಯ್ತಮ್ಮಾ?"

"ಬೇಡ ಅಂದು ಬಂದೆ," ಎಂದುಬಿಟ್ಟಳು. ಸೋತು ಬಂದೆ ಎನ್ನಲು ನಾಲಿಗೆ ಏಳಲಿಲ್ಲ.

ದೊಡ್ಡಪ್ಪನ ಕಣ್ಣು ತುಂಬಿತು. ಸಂಜೆಯೊಳಗೆ ಸುದ್ದಿ ಹತ್ತೂ ಮನೆ ಮುಟ್ಟಿತು. ಯಾರೋ ಅವಳ ಮಣೆಗೆ ಹೊಸ ದಿಂಬು ಹೊಲಿದು ಕೊಟ್ಟರು. ದಾರಿಯಲ್ಲಿ ಸಿಕ್ಕ ಹೆಂಗಸರು ಕೈ ಹಿಡಿದುಕೊಂಡು, "ನಮ್ಮನ್ನ ನಡುನೀರಲ್ಲಿ ಬಿಡ್ಲಿಲ್ಲ ನೀನು," ಎಂದರು. ಇನ್ನು ಅವಳು ಬಸ್ಸು ಹತ್ತುವ ಹಾಗಿರಲಿಲ್ಲ.

ಮೂರನೇ ದಿನ ದೊಡ್ಡಪ್ಪನ ಮಗಳು ಬಂದಳು. ಹತ್ತೊಂಬತ್ತು ವರ್ಷ, ಇನ್ನೂ ಸಾಣೆ ಮುಟ್ಟಿರಲಿಲ್ಲ.

"ಅಕ್ಕಾ, ಕಾರ್ಖಾನೆಯಲ್ಲಿ ಶುಕ್ರವಾರ ಮತ್ತೆ ಪರೀಕ್ಷೆಯಂತೆ. ಅಪ್ಪ ಬೇಡ ಅಂತಾರೆ. ಅಕ್ಕನೇ ಬಿಟ್ಟು ಬಂದ್ಲು, ನಿನಗೇನು ಅಂತಾರೆ. ನನಗೆ ಯಾವ ಕೆಲಸವೂ ಬರಲ್ಲ. ನನ್ನಂಥವಳನ್ನ ತಗೋತಾರಾ?"

ತಗೋತಾರೆ. ನಿನ್ನಂಥವರನ್ನೇ ತಗೋತಾರೆ. ಅಷ್ಟು ಹೇಳಿದರೆ ಸಾಕು. ಆದರೆ ನಿಮಗೆ ಹೇಗೆ ಗೊತ್ತು ಎಂದು ಹುಡುಗಿ ಕೇಳಿಯೇ ಕೇಳುತ್ತಾಳೆ. ಬೀದಿಯಲ್ಲಿ ದೊಡ್ಡಪ್ಪ ಕೈಕಟ್ಟಿಕೊಂಡು ಕಾಯುತ್ತಿದ್ದ. ಸೊಸೆಯನ್ನು ಕಂಡು ಅಕ್ಕರೆಯಿಂದ ತಲೆಯಾಡಿಸಿದ.

"ಕೆಲಸ ಬರದವರನ್ನ ಯಾರು ತಗೋತಾರೆ, ಮರೀ?" ಎಂದಳು ಸೊಸೆ.

ಮುಂದಿನ ಸೋಮವಾರ ಸಾಣೆ ಮನೆಯಿಂದ ಬಂದ ಅಲಗುಗಳಲ್ಲಿ ಹದಿನೈದು ಬೇರೆ ಥರ ಇದ್ದವು. ಅಂಚು ಒಂದು ಕಡೆ ತೆಳು, ಒಂದು ಕಡೆ ದಪ್ಪ. ಹೊಸ ಕೈ ಎಂದು ಮುಟ್ಟಿದೊಡನೆ ತಿಳಿಯಿತು. ಅವಳು ಅವನ್ನೇ ಮೊದಲು ಎತ್ತಿಕೊಂಡಳು.