ಪುಕ್ಕಲ ಆಟಕ್ಕಿಳಿದದ್ದು

ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಆ ಅಂಗಡಿಯಲ್ಲಿ ಅಕ್ಕ, ತಮ್ಮ ಇಬ್ಬರದೇ ಕೆಲಸ. ಅಕ್ಕ ಹೊಲಿಯುತ್ತಾಳೆ, ತಮ್ಮ ಮೊಳೆ ಹೊಡೆಯುತ್ತಾನೆ. ಮುಚ್ಚಿಹೋದ ಗೋದಾಮೊಂದರ ಹಿಂದೆ ಸರಪಳಿಯಲ್ಲೇ ಬೆಳೆದಿದ್ದ ಕಂದು ನಾಯಿಯನ್ನು ತಮ್ಮ ಕರೆತಂದ ದಿನ, ಅದು ನೆಟ್ಟಗೆ ಹೋಗಿ ಸೋಫಾದಡಿ ನುಗ್ಗಿ ಮುದುಡಿ ಕೂತಿತು. ಅಕ್ಕ ಅದಕ್ಕೆ ಪುಕ್ಕಲ ಎಂದೇ ಹೆಸರಿಟ್ಟಳು.

ತಮ್ಮ ಆಸೆಪಟ್ಟು, ಒತ್ತಿದರೆ ಕೀಚೆನ್ನುವ ರಬ್ಬರ್ ಬಾತುಕೋಳಿ ತಂದ. ಒತ್ತಿದ್ದೇ ತಡ, ಪುಕ್ಕಲ ಎದ್ದೆನೋ ಬಿದ್ದೆನೋ ಎಂದು ಓಡಿ ಹೊಲಿಗೆ ಯಂತ್ರದ ಹಿಂದೆ ಅವಿತು, ನಿಂತಲ್ಲೇ ಉಚ್ಚೆ ಹೊಯ್ದಿತು. ಚೆಂಡು ಉರುಳಿಸಿದರೆ, ಕಲ್ಲೇ ಬಂತೇನೋ ಎಂಬಂತೆ ಕಣ್ಣು ಮುಚ್ಚಿತು.

“ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಬಿಡೋ, ಅದಕ್ಕೆ ಆಟ ಬೇಡ,” ಎಂದಳು ಅಕ್ಕ, ನೆಲ ಒರೆಸುತ್ತ.

“ಬೇಡ ಅಂತಲ್ಲಕ್ಕ, ಗೊತ್ತಿಲ್ಲ. ಇಲ್ಲೀವರೆಗೂ ಅದರ ಕಡೆ ಬಂದಿದ್ದೆಲ್ಲಾ ಏಟೇ ಅಲ್ವಾ?”

ಆಡಿದ ಮಾತೇ ಅವನಿಗೆ ದಾರಿ ತೋರಿತು. ಆಟಿಕೆ ನಾಯಿಯ ಕಡೆ ಬರಬಾರದು, ಅದರಿಂದ ದೂರ ಹೋಗಬೇಕು. ವೆಲ್ವೆಟ್ ಚೂರುಗಳನ್ನು ಜಡೆ ಹೆಣೆದು, ಬೆಂದ ಮೊಟ್ಟೆ ಸವರಿ ಸೋಫಾದ ಬಳಿ ಬಿಟ್ಟ. ಬೆಳಗಾಗುವಷ್ಟರಲ್ಲಿ ನೆಕ್ಕಿ ಒದ್ದೆಯಾಗಿತ್ತು. ಆಮೇಲೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಹಿಂದಿರುಗಿ ನೋಡದೆ ಅಂಗಡಿಯೆಲ್ಲ ಓಡಾಡಿದ. ಸೋಫಾದಡಿಯಿಂದ ಒಂದು ಮೂಗು ಹೊರಬರುವುದು, ಒಳಗೆ ಹೋಗುವುದು. ಅಷ್ಟೇ.

ಒಂದು ಮಧ್ಯಾಹ್ನ ಅಕ್ಕನ ತಾಳ್ಮೆ ಕೆಟ್ಟಿತು. “ಕೊಡೋ ಇಲ್ಲಿ! ಬಾಲ ಕಟ್ಕೊಂಡ ಮಂಗನ ಥರ ಓಡಾಡ್ತೀಯ,” ಎಂದು ಜಡೆಯ ತುದಿ ಹಿಡಿದೆಳೆದಳು. ತಮ್ಮನೂ ಬಿಡಲಿಲ್ಲ. ತಲೆ ನರೆತ ಇಬ್ಬರೂ ನೆಲದ ಮೇಲೆ ಕೂತು ಜಗ್ಗಾಡಿದರು. ಸೊಂಟದ ಗಂಟು ಬಿಚ್ಚಿ, ತಮ್ಮ ಸ್ಪಂಜಿನ ರಾಶಿಗೆ ಮಗುಚಿಬಿದ್ದ. ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಆ ನಗುವಿನ ನಡುವೆ ಜಡೆಯ ಇನ್ನೊಂದು ತುದಿ ಮೆಲ್ಲಗೆ ಬಿಗಿಯಾಯಿತು. ಪುಕ್ಕಲ ಹಲ್ಲಲ್ಲಿ ಕಚ್ಚಿ ನಿಂತಿತ್ತು. ಕಾಲು ನಡುಗುತ್ತಿತ್ತು, ಬಾಲದ ತುದಿಯೂ ಆಡುತ್ತಿತ್ತು.

“ಬಿಟ್ಬಿಡಕ್ಕ, ಗೆಲ್ಲಲಿ,” ಎಂದು ತಮ್ಮ ಪಿಸುಗುಟ್ಟಿದ.

ಅಕ್ಕ ಕೈಬಿಟ್ಟಳು. ಪುಕ್ಕಲ ಗೆದ್ದದ್ದನ್ನು ಹೊತ್ತು ಒಂದು ಸುತ್ತು ಓಡಿ, ಏನು ಮಾಡಬೇಕೆಂದು ತಿಳಿಯದೆ ನಿಂತು, ಕೊನೆಗೆ ತಂದು ಅವಳ ಮಡಿಲಿಗೇ ಹಾಕಿ ಮುಂಗಾಲು ಚಾಚಿ ಬಗ್ಗಿತು. ಮತ್ತೆ ಎಳೆ ಎಂಬಂತೆ.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಾಗಿಲಲ್ಲಿ ಇಣುಕಿದರು. “ನನ್ನ ಕುರ್ಚಿ ಆಯ್ತೇನಮ್ಮಾ?”

“ಇನ್ನೊಂದ್ಸಲ ಆಡಿ ಬರ್ತೀನಿ, ಕೂತ್ಕೊಳ್ಳಿ,” ಎಂದು ಅಕ್ಕ ಕಣ್ಣೊರೆಸಿಕೊಂಡು ಜಡೆ ಹಿಡಿದಳು.