ಹಾಳೆಯಲ್ಲಿ ಹಿಡಿಸದ ಕಾಲಂ

ಯಾವ ರೂಪದಲ್ಲಿ ಉಳಿಸಬೇಕು ಎಂದು ಕಂಪ್ಯೂಟರು ಮತ್ತೆ ಕೇಳಿತು. ಸುಧೀಂದ್ರ ಪಿಡಿಎಫ್ ಎಂಬುದನ್ನು ಒತ್ತಿ ಕಿಟಕಿಯಾಚೆ ನೋಡಿದ.

ಬೆಳಗಿನಿಂದ ಇದೇ ಕೆಲಸ. ನಾರಾಯಣಪೇಟೆಯ ಮುಳುಗಡೆ ಆಫೀಸಿನ ಹಳೆಯ ಸಾಫ್ಟ್‌ವೇರ್ ಇವತ್ತು ಸಂಜೆಗೆ ನಿಲ್ಲುತ್ತದೆ. ಅಷ್ಟರೊಳಗೆ ನೀರಿನಡಿ ಹೋದ ಹನ್ನೊಂದು ಊರುಗಳ ವರದಿಯನ್ನು ಮೂರು ಮೂರು ರೂಪದಲ್ಲಿ ತೆಗೆದಿಡಬೇಕು. ಸಾಹೇಬರಿಗೆ ಪಿಡಿಎಫ್, ಹೈದರಾಬಾದಿಗೆ ಎಕ್ಸೆಲ್, ಯಾರಿಗೂ ಬೇಡದ್ದು ಟೆಕ್ಸ್ಟ್.

ಹತ್ತು ಊರು ಮುಗಿದಿದ್ದವು. ಉಳಿದದ್ದು ಮಲ್ಲಗಡ್ಡೆ. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದ. ಹದಿನೆಂಟು ವರ್ಷದ ಹಿಂದೆ ಆ ಊರಿನ ಸರ್ವೆ ಮಾಡಿದವನು ಅವನೇ. ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತದ್ದು, ಬೇವಿನ ಹೂವು ಕೀಬೋರ್ಡಿನ ಮೇಲೆ ಉದುರುತ್ತಿದ್ದದ್ದು, ಪಕ್ಕದಲ್ಲಿ ಸರ್ವೆಯ ಸಹಾಯಕಿ ಪ್ರಿಯಂವದಾ ನೀಲಿ ಶಾಯಿಯಲ್ಲಿ ಹೆಸರು ಬರೆಯುತ್ತಿದ್ದದ್ದು, ಮಧ್ಯಾಹ್ನ ಯಾರದೋ ಮನೆಯ ಜೋಳದ ರೊಟ್ಟಿ, ಪುಂಡಿಪಲ್ಯ. ಬದುಕಿದ್ದೆ ಎನ್ನಬಹುದಾದರೆ ಆ ಎರಡು ತಿಂಗಳು ಬದುಕಿದ್ದೆ ಎಂದು ಅವನಿಗೆ ಆಗಾಗ ಅನಿಸುತ್ತಿತ್ತು.

ಪಿಡಿಎಫ್ ತೆರೆಯಿತು. ಮನೆ ನಂಬರು, ಯಜಮಾನ, ಗೋಡೆ, ಚಾವಣಿ, ಮರ. ಕೊನೆಯ ‘ವಿಶೇಷ’ ಎಂಬ ಕಾಲಂ ಇರಲಿಲ್ಲ. ಹಾಳೆಯ ಅಗಲಕ್ಕೆ ಅದು ಹಿಡಿಸುತ್ತಿರಲಿಲ್ಲ, ಎಂದೂ ಹಿಡಿಸಿರಲಿಲ್ಲ. ಎಕ್ಸೆಲ್‌ನಲ್ಲಿ ಕನ್ನಡ ಅಕ್ಷರಗಳು ಖಾಲಿ ಚೌಕಗಳಾಗಿದ್ದವು.

ಜನ ತಮ್ಮ ಬಾಯಿಂದ ಹೇಳಿದ್ದನ್ನು ಬರೆದುಕೊಳ್ಳಲಿಕ್ಕೆ ಇದ್ದದ್ದು ಅದೊಂದೇ ಕಾಲಂ. ‘ನಮ್ಮ ವರದಿಯಲ್ಲಿ ಜೀವ ಇರುವುದು ಪ್ರಿಂಟಿಗೆ ಬರದ ಕಾಲಂನಲ್ಲಿ ಮಾತ್ರ’ ಎಂದು ಅವನು ಎರಡು ಮೀಟಿಂಗುಗಳಲ್ಲಿ ಹೇಳಿದ್ದ. ಯಾರೂ ನಕ್ಕಿರಲಿಲ್ಲ.

“ಸಾಹೇಬ್ರ.”

ಬಾಗಿಲಲ್ಲಿ ಒಬ್ಬ ಮುದುಕಿ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

“ನಾ ಮೈಲಮ್ಮ ರೀ. ಮಲ್ಲಗಡ್ಡಿ ಕುರುಬರ ಬೀರಯ್ಯನ ಹೇಣ್ತಿ. ಈಗ ಮಕ್ತಲ್ ಕಡೆ ಕಾಲೋನ್ಯಾಗ ಅದೀನಿ.”

“ಕೂಡಮ್ಮ. ಏನಾಗಬೇಕು?”

“ಡ್ಯಾಮಿನ ನೀರು ಇಳದೈತಿ ರೀ. ಹಳೇ ಊರು ಕಾಣಾಕ ಹತ್ತೈತಿ. ಎಲ್ಲಾರೂ ನೋಡಾಕ ಹೊಂಟಾರ.” ಅವಳು ಕೂರಲಿಲ್ಲ. “ನನ್ನ ಕೂಸು ಐತಿ ಅಲ್ಲಿ.”

ಸುಧೀಂದ್ರನಿಗೆ ತಿಳಿಯಲಿಲ್ಲ.

“ಹನ್ನೊಂದು ದಿನದ ಹೆಣ್ಣುಕೂಸು. ನಾ ಬಾಣಂತಿ ಇದ್ನಿ, ನನ್ನ ಹೊರಗ ಬಿಡಲಿಲ್ಲ. ನನ್ನ ಗಂಡನೇ ಒಯ್ದು ಹೂತು ಬಂದ. ಎಲ್ಲಿ ಅಂತ ಹೇಳಲಿಲ್ಲ. ಹೇಳಿದ್ರ ಅಲ್ಲೇ ಹೋಗಿ ಕುಂದರ್ತಿ ಅಂದ. ಹೋದ ವರ್ಷ ಸಾಯೋ ಮುಂದ ಕೇಳಿದ್ನಿ. ಸರ್ವೆ ಸಾಹೇಬ್ರ ಮುಂದ ಎಲ್ಲಾ ಹೇಳೀನಿ, ಅವರು ಬರಕೊಂಡಾರ ಅಂದ.” ಅವಳು ಕಂಪ್ಯೂಟರಿನತ್ತ ನೋಡಿದಳು. “ಅದ್ರಾಗ ಐತೇನ್ರಿ?”

“ಇರಬೇಕು,” ಎಂದ. ಖುಷಿಯಿಂದ ಕುರ್ಚಿ ಮುಂದೆ ಎಳೆದುಕೊಂಡ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಆ ಕಾಲಂ ಅನ್ನು ಕೇಳಿಕೊಂಡು ಒಬ್ಬರು ಬಂದಿದ್ದರು.

ಟೆಕ್ಸ್ಟ್ ಎಂಬುದನ್ನು ಒತ್ತಿದ. ಹಳೆಯ ಫಾಂಟು ಹಾಕಿದ. ಅಕ್ಷರಗಳು ಒಂದೊಂದಾಗಿ ಕನ್ನಡವಾದವು. ಬೀರಯ್ಯ ಎಂದು ಹುಡುಕಿದ. ಸಿಕ್ಕಿತು. ಕಲ್ಲಿನ ಮನೆ ಒಂದು. ಬೇವಿನ ಮರ ಒಂದು. ಕುರಿ ಹಟ್ಟಿ ಒಂದು. ವಿಶೇಷ: ಏನಿಲ್ಲ.

ಅವನು ಮೇಲಿನ ಸಾಲು ನೋಡಿದ. ಏನಿಲ್ಲ. ಕೆಳಗಿನದು, ಏನಿಲ್ಲ. ಪುಟ ಜಾರಿಸುತ್ತ ಹೋದ. ನಾನೂರ ಹನ್ನೆರಡು ಮನೆ. ಒಂದೇ ಪದವನ್ನು ಒಮ್ಮೆ ಟೈಪು ಮಾಡಿ ಉದ್ದಕ್ಕೆ ಎಳೆದುಬಿಟ್ಟ ಹಾಗಿತ್ತು.

“ಒಂದು ನಿಮಿಷ,” ಎಂದು ಫೋನು ಹಿಡಿದು ವರಾಂಡಕ್ಕೆ ಬಂದ. ಪ್ರಿಯಂವದಾ ಮದುವೆಯಾಗಿ ಗದ್ವಾಲದಲ್ಲಿದ್ದಳು. ಅವನ ಮನೆಯೂ ಗದ್ವಾಲದಲ್ಲೇ. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾತಾಡಿರಲಿಲ್ಲ. ನಂಬರು ಮಾತ್ರ ಇತ್ತು.

“ನಾನು ಸುಧೀಂದ್ರ.”

“ಯಾವ ಸುಧೀಂದ್ರ?”

“ಮಲ್ಲಗಡ್ಡಿ ಸರ್ವೆ.”

“ಓ. ಹೇಳ್ರಿ. ಒಲಿ ಮ್ಯಾಲ ಹಾಲು ಅದ.”

“ಬೀರಯ್ಯ ಅಂತ ಒಬ್ಬ ಕೂಸಿನ ಬಗ್ಗೆ ಹೇಳಿದ್ದ. ನೆನಪದ ಏನು?”

“ಒಬ್ಬಾಂವ ಅತ್ತಿದ್ದ. ಅವನೇ ಏನೋ.”

“ಎಲ್ಲಿ ಹೂತೀನಿ ಅಂದಿದ್ದ?”

“ಹೇಳ್ಲಿಕ್ಕೆ ಎಲ್ಲಿ ಬಿಟ್ರಿ? ಮುಂದಿನವ್ರು ಬರ್ರಿ ಅಂದ್ರಿ.”

“ನಾನು ಹಂಗಂದ್ನಾ?”

“ಎಲ್ಲಾರಿಗೂ ಅಂತಿದ್ರಿ. ಬಸ್ ತಪ್ತದ ಅಂತ.” “ಮತ್ತೇನ್ರಿ?” ಎಂದಳು.

“ಏನಿಲ್ಲ,” ಎಂದು ಫೋನು ಇಟ್ಟ.

ಅವನು ಒಳಗೆ ಬಂದ. ಬೇವಿನ ಹೂವು, ನೀಲಿ ಶಾಯಿ, ರೊಟ್ಟಿ. ನೆನಪಿನಲ್ಲಿ ಎಲ್ಲವೂ ಹಾಗೇ ಇದ್ದವು. ಬೀರಯ್ಯನ ಮುಖವೊಂದು ಇರಲಿಲ್ಲ. ಯಾರ ಮುಖವೂ ಇರಲಿಲ್ಲ.

“ಸಿಕ್ತೇನ್ರಿ?”

ಸಿಗಲಿಲ್ಲ ಅನ್ನಬೇಕು. ಬಾಯಿ ತೆರೆದ. ಮುದುಕಿ ಚಪ್ಪಲಿ ಬಾಗಿಲಾಚೆ ಬಿಟ್ಟು, ಗುಡಿಯಲ್ಲಿ ನಿಂತಂತೆ ನಿಂತಿದ್ದಳು.

“ಬೇವಿನ ಮರದಿಂದ ಮೂಡಣಕ್ಕೆ ಹನ್ನೆರಡು ಹೆಜ್ಜೆ,” ಎಂದು ಪರದೆಯತ್ತ ನೋಡುತ್ತ ಓದಿದ.

“ಹೌದ್ರಿ. ಹಂಗೇ ಮಾತಾಡ್ತಿದ್ದ ಅಂವ.” ಕಣ್ಣೊರೆಸಿಕೊಂಡಳು. “ಅವನ ಹೆಜ್ಜಿ ಏನ್ರಿ, ನನ್ನ ಹೆಜ್ಜಿ?”

“ಬರೆದಿಲ್ಲ.”

ಅವತ್ತು ಅವಳಿಗೆ ಅವನು ಹೇಳಿದ ಒಂದೇ ನಿಜ ಅದು.

“ಕಾಗದ ಕೊಡ್ರಿ ಅದ್ರದ್ದು. ಊರವ್ರಿಗೆ ತೋರಸ್ತೀನಿ.”

ಪಿಡಿಎಫ್ ಆಗಿದ್ದರೆ ತಿದ್ದಲಾಗದು ಎಂದು ಕೈಕಟ್ಟಿ ಕೂರಬಹುದಿತ್ತು. ಟೆಕ್ಸ್ಟ್ ಫೈಲು, ಯಾರು ಬೇಕಾದರೂ ತಿದ್ದಬಹುದು. ‘ಏನಿಲ್ಲ’ ಅಳಿಸಿ ಹನ್ನೆರಡು ಹೆಜ್ಜೆ ಬರೆದ. ಬದಲಾವಣೆ ಉಳಿಸಬೇಕೆ ಎಂದು ಕೇಳಿತು. ಹೌದು ಎಂದ.

ಅಷ್ಟರಲ್ಲಿ ಮೇಲಧಿಕಾರಿ ಚಂದ್ರಕಾಂತ್ ಇಣುಕಿದರು. “ಸುಧೀಂದ್ರ ಗಾರು, ಅಯಿಪೋಯಿಂದಾ?”

“ಆಯ್ತು ಸಾರ್. ಮೂರೂ ರೂಪದಾಗ ಅವ.”

“ಚೆಕ್ ಮಾಡೀರಿ?”

“ಮಾಡೀನಿ.”

ಪ್ರಿಂಟರಿನಿಂದ ಬಂದ ಬೆಚ್ಚಗಿನ ಹಾಳೆಯನ್ನು ಮೈಲಮ್ಮ ಕಣ್ಣಿಗೆ ಒತ್ತಿಕೊಂಡಳು. “ನೀವೂ ಬರ್ರಿ ಸಾಹೇಬ್ರ. ಮೂಡಣ ನನಗ ಗೊತ್ತು. ಓದಾಕ ಬರಂಗಿಲ್ಲ.”

ಶನಿವಾರ. ಗದ್ವಾಲಕ್ಕೆ ಹೋಗಲು ಹೇಗೂ ಮಕ್ತಲ್ ಬಸ್ಸೇ. ಬೇಡ ಅನ್ನಲು ಕಾರಣ ಹುಡುಕಿದ, ಸಿಗಲಿಲ್ಲ. ಬಸ್ಸಿನಲ್ಲಿ ಅವಳು ಟಿಕೇಟಿನ ಜೊತೆ ಆ ಹಾಳೆಯನ್ನೂ ಬಿಗಿಯಾಗಿ ಹಿಡಿದಿದ್ದಳು. ಅವನು ಎರಡು ಬಾರಿ ಹೇಳಲು ಹೋದ. “ಮೈಲಮ್ಮ,” ಎಂದ. “ಹ್ಞೂಂ ರೀ,” ಎಂದು ತಿರುಗಿದಳು. “ಕಿಟಕಿ ಮುಚ್ಚಲೇನು? ಬಿಸಿಲು,” ಎಂದ.

ಮಕ್ತಲ್‌ನಿಂದ ಆಟೋ. ಜಲಾಶಯದ ಅಂಚಿನಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಮಣ್ಣು ಒಡೆದು ಬಿಲ್ಲೆ ಬಿಲ್ಲೆಯಾಗಿತ್ತು. ಮೊಣಕಾಲೆತ್ತರದ ಗೋಡೆಗಳು, ಒರಳುಗಳು, ಶಂಖದ ಹುಳುಗಳ ಚಿಪ್ಪು. ಜನ ತಮ್ಮ ತಮ್ಮ ಮನೆ ಹುಡುಕುತ್ತಿದ್ದರು. ಶಾಲೆ ಎಲ್ಲಿತ್ತೆಂದು ಸುಧೀಂದ್ರನಿಗೆ ಗೊತ್ತಾಗಲಿಲ್ಲ.

ಬೇವಿನ ಮರದ ಕರಿ ಬೊಡ್ಡೆಯನ್ನು ಮೈಲಮ್ಮ ನೇರ ಹೋಗಿ ಮುಟ್ಟಿದಳು. ಬೆನ್ನು ಆನಿಸಿ ನಿಂತು ಹೆಜ್ಜೆ ಹಾಕತೊಡಗಿದಳು. ಏಳಕ್ಕೆ ಕೆಸರು ಸುರುವಾಯಿತು. ಒಂಬತ್ತಕ್ಕೆ ಪಾದ ಹುಗಿಯಿತು. ಹನ್ನೆರಡಕ್ಕೆ ನಿಂತಳು. ಅವನು ಸುಮ್ಮನೆ ಒಂದು ದಿಕ್ಕು, ಒಂದು ಅಂಕಿ ಹೇಳಿದ್ದ. ಅವಳು ಅಲ್ಲಿ ಕೆಸರಿನಲ್ಲೇ ಕೂತು ಚೀಲ ಬಿಚ್ಚಿ, ಭಂಡಾರದ ಅರಿಶಿನಪುಡಿ ತೆಗೆದು ಚೆಲ್ಲಿ, ಬಗ್ಗಿ ಏನೋ ಹೇಳುತ್ತಿದ್ದಳು. ಕೂಸಿಗೆ ಹೇಳುವಂಥದ್ದು. ಹೆಸರಿಡದ ಕೂಸಿಗೆ ಅವಳು ಒಂದು ಹೆಸರು ಇಟ್ಟುಕೊಂಡಿದ್ದಳು. ಅದನ್ನು ಕೇಳಿಸಿಕೊಳ್ಳಬಾರದೆಂದು ಸುಧೀಂದ್ರ ದೂರ ಸರಿದ.

“ಇವರೇ ಏನ್ರಿ ಸರ್ವೆ ಸಾಹೇಬ್ರು?”

ಕೇಳಿದವಳು ಮೊಗುಲಮ್ಮ ಅಂತೆ. ಅವಳಿಗೆ ತಮ್ಮ ಮನೆಯ ಕಾಳು ತುಂಬುವ ಹಗೇವು ಎಲ್ಲಿತ್ತೆಂದು ತಿಳಿಯಬೇಕಿತ್ತು. ಅವಳ ಹಿಂದೆ ಒಬ್ಬ ಮುದುಕ. ಅವನಿಗೆ ಬೀರಪ್ಪ ದೇವರ ಕಟ್ಟೆ ಬೇಕು. ಮಾತು ಗೋಡೆಯಿಂದ ಗೋಡೆಗೆ ಹೋಯಿತು. ಒಬ್ಬೊಬ್ಬರೇ ತಮ್ಮ ಹೊಸ್ತಿಲು ಇದ್ದಿರಬಹುದಾದ ಕಡೆ ನಿಂತು ಅವನತ್ತ ತಿರುಗಿದರು.

“ಅವ್ವ ಅಪ್ಪ ಎಲ್ಲಾ ನಿಮ್ಮ ಮುಂದ ಹೇಳ್ಯಾರಂತ ರೀ. ನಮ್ಮದೂ ಹೇಳ್ರಿ.”

“ನಮ್ಮದ್ರಾಗ ಏನೈತ್ರಿ?”

ಹಿಂದೆ ಸರಿಯಲು ಹೋದ. ಕಾಲು ಕೆಸರಿನಲ್ಲಿ ಹೂತಿತ್ತು. ಸಮತೋಲ ತಪ್ಪಬಾರದೆಂದು ಬಲಗೈ ಪಕ್ಕಕ್ಕೆ ಚಾಚಿದ.

ಅವನು ತೋರಿಸುತ್ತಿದ್ದಾನೆಂದು ತಿಳಿದು ಊರೆಲ್ಲ ಆ ಕೈಯ ದಿಕ್ಕಿಗೆ, ನೀರಿನ ಕಡೆ, ನಡೆಯತೊಡಗಿತು.